ಕೊರಿಯರ್ ಡಬ್ಬದಲ್ಲಿ ಹವಳ ತರಿಸೋ ಮುಂಚೆ

ದಾವಣಗೆರೆಯಲ್ಲೂ ಈಗ ಉಪ್ಪುನೀರಿನ ಟ್ಯಾಂಕ್ ಇಡೋ ಹುಡುಗರು ಒಬ್ಬೊಬ್ಬರಾಗಿ ಕಾಣಿಸ್ತಿದ್ದಾರೆ. ಖುಷಿಯ ವಿಷಯವೇ. ಆದರೆ ಟ್ಯಾಂಕ್‌ಗೆ ನೀರು ತುಂಬಿದ ಮೇಲೆ ಎಲ್ಲರೂ ಕೇಳೋದು ಒಂದೇ ಪ್ರಶ್ನೆ. "ಅಣ್ಣಾ, ಕೋರಲ್ ಕೊರಿಯರ್‌ನಲ್ಲಿ ಕಳಿಸ್ತಾರಂತೆ, ತರಿಸಲಾ?" ಬೇಡ ಅಂತೀನಿ. ಮುಖ ಸಪ್ಪಗಾಗುತ್ತೆ. "ನಿಮಗೆ ಹೊಸದು ಅಂದ್ರೆ ಆಗಲ್ಲ" ಅಂತ ಒಬ್ಬ ಅಂದೂಬಿಟ್ಟ. ಅದಕ್ಕೇ ಇಲ್ಲಿ ಸ್ವಲ್ಪ ಉದ್ದಕ್ಕೇ ಬರೀತಿದ್ದೀನಿ.

ಆಸೆ ಎಲ್ಲಿಂದ ಹುಟ್ಟುತ್ತೆ ಅಂತ ಗೊತ್ತು. ಅಮೆರಿಕದವರ ಯೂಟ್ಯೂಬ್ ವಿಡಿಯೋ. ಅಲ್ಲಿ ಹವ್ಯಾಸಿಗಳು ತಮ್ಮ ಟ್ಯಾಂಕಲ್ಲಿ ಬೆಳೆದ ಹವಳದ ಒಂದು ತುಂಡು ಕತ್ತರಿಸಿ, ಸಣ್ಣ ಬಿಲ್ಲೆಗೆ ಸೂಪರ್ ಗ್ಲೂ ಹಾಕಿ ಅಂಟಿಸ್ತಾರೆ. ಅದಕ್ಕೆ ಫ್ರ್ಯಾಗ್ ಅಂತಾರೆ. ಹವಳ ಅನ್ನೋದು ಒಂದೇ ಪ್ರಾಣಿಯಲ್ಲ, ಪುಟ್ಟ ಪುಟ್ಟ ಜೀವಿಗಳು ಒಟ್ಟಿಗೆ ಕೂಡಿ ಬಾಳೋ ಗುಂಪು. ಹಾಗಾಗಿ ಮುರಿದ ತುಂಡೂ ಬೆಳೆಯುತ್ತೆ, ಉಳಿದದ್ದೂ ಬೆಳೆಯುತ್ತೆ. ಗೆಳೆಯನಿಗೆ ಒಂದು ತುಂಡು ಕೊಟ್ಟಿಟ್ಟರೆ, ನಾಳೆ ಕರೆಂಟ್ ಹೋಗಿ ನಮ್ಮ ಟ್ಯಾಂಕ್ ಹಾಳಾದ್ರೂ ಅವನ ಹತ್ತಿರ ಅದೇ ಹವಳ ಇರುತ್ತೆ. ವಾಪಸ್ ಇಸ್ಕೋಬಹುದು. ಈ ಕೊಡು-ಕೊಳ್ಳುವ ಪದ್ಧತಿ ನನಗೂ ತುಂಬಾ ಇಷ್ಟ.

ಆದರೆ ಅವರು ಕಳಿಸೋ ರೀತಿಯನ್ನೂ ನೋಡಿ. ಫ್ರ್ಯಾಗನ್ನ ಥರ್ಮೋಕೋಲ್ ಚೂರಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ, ಚೀಲದ ನೀರಲ್ಲಿ ತಲೆಕೆಳಗಾಗಿ ತೇಲಿಬಿಡ್ತಾರೆ. ಹವಳದ ಮೈ ಪ್ಲಾಸ್ಟಿಕ್‌ಗೆ ತಾಗಿ ಸುಲಿಯಬಾರದು ಅಂತ. ಚೀಲದ ಮೇಲೆ ಇನ್ನೊಂದು ಚೀಲ. ಹೊರಗೆ ದಪ್ಪ ಥರ್ಮೋಕೋಲ್ ಡಬ್ಬ. ಚಳಿಗಾಲದಲ್ಲಿ ಜೊತೆಗೆ ಬಿಸಿ ಪೊಟ್ಟಣ. ವಾರದ ಶುರುವಿನಲ್ಲೇ ಕಳಿಸ್ತಾರೆ, ಶನಿವಾರ ಭಾನುವಾರ ಗೋದಾಮಲ್ಲಿ ಸಿಕ್ಕಿಹಾಕಿಕೊಳ್ಳಬಾರದು ಅಂತ. ಇವತ್ತು ಸಂಜೆ ಹೊರಟ ಡಬ್ಬ ನಾಳೆ ಬೆಳಿಗ್ಗೆ ಕೈ ಸೇರಬೇಕು. ಸತ್ತು ಬಂದ್ರೆ ಎಷ್ಟೋ ಮಾರಾಟಗಾರರು ದುಡ್ಡೂ ವಾಪಸ್ ಕೊಡ್ತಾರೆ.

ಇಷ್ಟೆಲ್ಲ ಯಾಕೆ ಅಂದ್ರೆ, ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತೆ. ಬೆಳಕಿದ್ದಾಗ ಆ ಪಾಚಿ ಆಹಾರ ಮಾಡಿ ಹವಳಕ್ಕೂ ಕೊಡುತ್ತೆ, ಆಕ್ಸಿಜನ್ನೂ ಬಿಡುತ್ತೆ. ಡಬ್ಬದ ಕತ್ತಲಲ್ಲಿ ಅದು ನಿಂತುಹೋಗುತ್ತೆ. ಆಗ ಪಾಚಿ, ಹವಳ ಎರಡೂ ಚೀಲದಲ್ಲಿರೋ ಆಕ್ಸಿಜನ್ನನ್ನೇ ಬಳಸಬೇಕು. ಗಾಬರಿಯಾದ ಹವಳ ಲೋಳೆ ಸುರಿಸುತ್ತೆ. ಲೋಳೆ ತಿನ್ನೋಕೆ ಬ್ಯಾಕ್ಟೀರಿಯಾ ಹೆಚ್ಚಿ ಉಳಿದ ಆಕ್ಸಿಜನ್ನೂ ಖಾಲಿ. ಸೆಖೆ ಏರಿದಷ್ಟೂ ಇದೆಲ್ಲ ಬೇಗ ಬೇಗ ನಡೆಯುತ್ತೆ. ಹವಳಕ್ಕೆ ಬೇಕಿರೋದು 25 ಡಿಗ್ರಿ ಆಸುಪಾಸು. ನಮ್ಮೂರ ಏಪ್ರಿಲ್ ಹೇಗಿರುತ್ತೆ ಅಂತ ನಾನು ಹೇಳಬೇಕಾ?

ಬೆಂಗಳೂರಿಂದ ನಮಗೇನು ದೂರ, ರಾತ್ರಿ ಬಸ್ಸು ಹತ್ತಿದ್ರೆ ಬೆಳಗಾಗೋ ಮುಂಚೆ ದಾವಣಗೆರೆ. ತೊಂದರೆ ದೂರದ್ದಲ್ಲ, ಡಬ್ಬ ಕಾಯುತ್ತಾ ಕೂರೋ ಜಾಗದ್ದು. ಬಸ್ಸಿನ ಡಿಕ್ಕಿ ಇಂಜಿನ್ ಕಾವಿಗೆ ಬೇಯ್ತಿರುತ್ತೆ. ಗೋದಾಮಿಗೆ ಮೇಲೆ ತಗಡಿನ ಶೀಟು. ವಿದ್ಯಾನಗರದ ಗೆಳೆಯನೊಬ್ಬನಿಗೆ ಹೀಗೇ ಬಂದಿತ್ತು, ತೆಗೆಯೋವಾಗ ನಾನೂ ಇದ್ದೆ. ಮೇಲೆ 'ಪ್ಲಾಸ್ಟಿಕ್ ಸಾಮಾನು' ಅಂತ ಬರೆದ ಚೀಟಿ. ಟೇಪ್ ಕುಯ್ದ ತಕ್ಷಣ ಕೊಳೆತ ಮೊಟ್ಟೆಯ ವಾಸನೆ. ಚೀಲದ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗಿತ್ತು. ಬಿಲ್ಲೆ ಎತ್ತಿದ್ರೆ ಕಂದು ಲೋಳೆ ಜಾರಿ ಬಿತ್ತು, ಕೆಳಗೆ ಬರೀ ಬಿಳಿ ಸುಣ್ಣದ ಕಡ್ಡಿ. ಕಳಿಸಿದವನಿಗೆ ಫೋನ್ ಮಾಡಿದ್ರೆ "ನಾನು ಜೀವಂತ ಕಳಿಸಿದ್ದೆ" ಅಂದ. ಅಷ್ಟೇ.

ಆ ಚೀಟಿಯ ಬಗ್ಗೆ ಯೋಚಿಸಿ. ಯಾಕೆ ಸುಳ್ಳು ಬರೀಬೇಕು? ಯಾಕಂದ್ರೆ ಕಲ್ಲುಹವಳ (ಸುಣ್ಣದ ಗಟ್ಟಿ ಗೂಡು ಕಟ್ಟೋ ಜಾತಿ) ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಶೆಡ್ಯೂಲ್‌ನಲ್ಲಿದೆ. 2001ರಲ್ಲೇ ಸೇರಿಸಿದ್ದು. ಹುಲಿ ಇರೋ ಪಟ್ಟಿಯೇ ಅದು. 2022ರ ತಿದ್ದುಪಡಿ ಆದ ಮೇಲೆ ಸಿಕ್ಕಿಬಿದ್ರೆ ಕನಿಷ್ಠ 3 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. "ಇದು ಜೋಆಂಥಿಡ್ ಸರ್, ಮೆತ್ತನೆ ಜಾತಿ, ಪಟ್ಟಿಯಲ್ಲಿಲ್ಲ" ಅಂತ ಮಾರೋರು ವಾದ ಮಾಡ್ತಾರೆ. ಸರಿ, ಆದರೆ ಅದು ಕೂತಿರೋ ಕಲ್ಲು ಯಾವುದು? ಎಷ್ಟೋ ಸಲ ಸತ್ತ ಹವಳವೇ. ಸತ್ತ ಹವಳಕ್ಕೂ ಕಾಯ್ದೆ ಅನ್ವಯಿಸುತ್ತೆ. ಅದೂ ಅಲ್ಲದೆ ಕೆಲವು ಜೋಆಂಥಿಡ್‌ಗಳಲ್ಲಿ ಪಾಲಿಟಾಕ್ಸಿನ್ ಅನ್ನೋ ಘೋರ ವಿಷ ಇರುತ್ತೆ. ಕಣ್ಣಿಗೆ ಸಿಡಿದ್ರೆ, ಗಾಯಕ್ಕೆ ತಾಗಿದ್ರೆ ಆಸ್ಪತ್ರೆ ಸೇರಬೇಕಾಗುತ್ತೆ. ಒಡೆದ ಡಬ್ಬನ ಬರಿಗೈಲಿ ಎತ್ತೋ ಕೊರಿಯರ್ ಹುಡುಗನಿಗೆ ಒಳಗಿರೋದು ಏನು ಅಂತ ಯಾರು ಹೇಳಿದ್ದಾರೆ? ನನಗೆ ಜಾಸ್ತಿ ಸಿಟ್ಟು ಬರೋದು ಇದಕ್ಕೇ.

"ಸಮುದ್ರದ್ದಲ್ಲ, ಟ್ಯಾಂಕಲ್ಲೇ ಬೆಳೆಸಿದ್ದು" ಅನ್ನೋ ಮಾತನ್ನೂ ನಾನು ನಂಬಲ್ಲ. ಫೋಟೋ ನೋಡಿ ಅದನ್ನ ಹೇಳೋಕಾಗಲ್ಲ. ಹೊರದೇಶದಿಂದ ಬಂದಿದ್ರೆ ಕಾಗದ ಇರಬೇಕು. ಕೇಳಿ ನೋಡಿ, ಮಾತು ಬದಲಾಯಿಸ್ತಾರೆ. ಇತ್ತ ಮನ್ನಾರ್ ಕೊಲ್ಲಿ, ಲಕ್ಷದ್ವೀಪದ ಹವಳಗಳು ಸಮುದ್ರ ಬಿಸಿಯಾಗಿ ಬಿಳಿಚಿಕೊಳ್ತಿವೆ. 1998, 2010, 2016ರಲ್ಲಿ ದೊಡ್ಡ ಹೊಡೆತ ಬಿದ್ದಿದೆ. ಅಲ್ಲಿ ಉಳಿದದ್ದನ್ನ ಮುರಿದು ನಮ್ಮ ಮನೆಗೆ ತರೋದು ಬೇಕಾ? ನಮ್ಮ ಕರ್ನಾಟಕದ್ದೇ ಹವಳ ನೋಡಬೇಕು ಅಂದ್ರೆ ಮುರುಡೇಶ್ವರದ ಹತ್ತಿರ ನೇತ್ರಾಣಿ ಇದೆ, ಡೈವಿಂಗ್ ಮಾಡಿಸ್ತಾರೆ. ಹೋಗಿ ನೋಡಿಕೊಂಡು ಬನ್ನಿ.

ಹಾಗಂತ ಉಪ್ಪುನೀರಿನ ಟ್ಯಾಂಕೇ ಬೇಡ ಅಂತಲ್ಲ. ಕ್ಲೌನ್ ಮೀನನ್ನ ತೊಟ್ಟಿಯಲ್ಲೇ ಮರಿ ಮಾಡಿಸೋ ವಿದ್ಯೆ ನಮ್ಮ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರಿಗೆ ಚೆನ್ನಾಗಿ ಗೊತ್ತು. ಹಾಗೆ ಹುಟ್ಟಿದ ಮೀನನ್ನೇ ಕೇಳಿ ತಗೊಳ್ಳಿ. ಸಿರಾಮಿಕ್ ಕಲ್ಲು ಇಟ್ಟರೂ ಚೆನ್ನಾಗೇ ಕಾಣುತ್ತೆ.

ಕೊಡು-ಕೊಳ್ಳೋ ಚಟ ಇದ್ರೆ ಸಿಹಿನೀರಿನ ಗಿಡ ಇದೆಯಲ್ಲ. ಅನುಬಿಯಾಸ್, ಜಾವಾ ಫರ್ನ್ ಎಲ್ಲ ಒದ್ದೆ ಪೇಪರ್ ಸುತ್ತಿ ಕವರಿಗೆ ಹಾಕಿದ್ರೆ ಪಾರ್ಸೆಲ್‌ನಲ್ಲಿ ಕೆಲವು ದಿನ ಆರಾಮಾಗಿ ತಡ್ಕೊಳ್ಳುತ್ತೆ. ಚೀಟಿ ಮೇಲೆ 'ಗಿಡ' ಅಂತ ನಿಜಾನೇ ಬರೀಬಹುದು. ಬಂದ ಮೇಲೆ ಎಲೆ ಅಡಿ ಬಸವನಹುಳುವಿನ ಮೊಟ್ಟೆ ಇದೆಯಾ ಅಂತ ನೋಡಿ ತೊಳೀರಿ, ಸಾಕು. ನನ್ನ ಹತ್ತಿರ ಜಾವಾ ಮಾಸ್ ಈಗ ಟ್ಯಾಂಕ್ ತುಂಬಿ ಫಿಲ್ಟರ್‌ಗೇ ಸಿಕ್ಕಿಹಾಕಿಕೊಳ್ತಿದೆ. ಬೇಕಾದವರು ಇನ್‌ಬಾಕ್ಸ್‌ಗೆ ಬನ್ನಿ, ದುಡ್ಡು ಬೇಡ. ಡಬ್ಬಿ ಮಾತ್ರ ನೀವೇ ತನ್ನಿ.