ಹಾರ್ವರ್ಡ್ ಸ್ಟೇಡಿಯಂ ಬಗ್ಗೆ ಒಂದು ಸ್ಪಷ್ಟನೆ

'ಅಮೆರಿಕದ ಅತಿ ಹಳೆಯ ಕಾಲೇಜು ಫುಟ್‌ಬಾಲ್ ಸ್ಟೇಡಿಯಂ, ಕೇಂಬ್ರಿಜ್' ಅಂತ ಹಾರ್ವರ್ಡ್ ಸ್ಟೇಡಿಯಂ ಫೋಟೊ ಓಡಾಡ್ತಿದೆ. ಎರಡೂ ತಪ್ಪು. ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಫೀಲ್ಡ್ ಸ್ಟೇಡಿಯಂ 1895ರದು, ಹಾರ್ವರ್ಡ್‌ನದು 1903ರದು. ಆದರೆ ಫ್ರಾಂಕ್ಲಿನ್ ಫೀಲ್ಡ್‌ನಲ್ಲಿ ಈಗಿರುವ ಕಟ್ಟಡ 1922ರದು, ಬಹುಶಃ ಗೊಂದಲ ಹುಟ್ಟಿದ್ದು ಅಲ್ಲೇ. ಜಾಗವೂ ಹಾರ್ವರ್ಡ್ ವಿಶ್ವವಿದ್ಯಾಲಯ ಇರುವ ಕೇಂಬ್ರಿಜ್ ಅಲ್ಲ. ಚಾರ್ಲ್ಸ್ ನದಿ ದಾಟಿದರೆ ಸಿಗುವ ಬಾಸ್ಟನ್‌ನ ಆಲ್‌ಸ್ಟನ್.

ಇನ್ನೊಂದು ಮಾತು, ಇದು ನಾವು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ, ಅಮೆರಿಕನ್ ಫುಟ್‌ಬಾಲ್. (1984ರ ಒಲಿಂಪಿಕ್ಸ್‌ನಲ್ಲಿ ಕಾಲಲ್ಲಿ ಒದೆಯುವ ಫುಟ್‌ಬಾಲ್‌ನ ಕೆಲವು ಪಂದ್ಯಗಳೂ ಇಲ್ಲಿ ನಡೆದಿದ್ದವು.) ಹಾರ್ವರ್ಡ್ ತಂಡಗಳ ಹೆಸರು 'ಕ್ರಿಮ್ಸನ್', ಅಂದರೆ ಕಡುಗೆಂಪು. ಅದು ಬಂದದ್ದು ಫುಟ್‌ಬಾಲ್‌ನಿಂದಲ್ಲ, 1858ರ ದೋಣಿ ಸ್ಪರ್ಧೆಯಲ್ಲಿ ಹುಟ್ಟು ಹಾಕುವ ಹುಡುಗರು ದಡದಿಂದ ಗುರುತು ಸಿಗಲಿ ಅಂತ ಕಟ್ಟಿಕೊಂಡ ಕೆಂಪು ಕರವಸ್ತ್ರದಿಂದ.

ಈ ಸ್ಟೇಡಿಯಂನ ನಿಜವಾದ ದೊಡ್ಡತನ ಬೇರೆಯೇ ಇದೆ. 1905ರ ಹೊತ್ತಿಗೆ ಅಮೆರಿಕನ್ ಫುಟ್‌ಬಾಲ್ ಆಟದ ನೂಕಾಟದಲ್ಲಿ ಹುಡುಗರು ಸಾಯುತ್ತಿದ್ದರು. ಮೈದಾನ ಅಗಲ ಮಾಡಿದರೆ ನೂಕಾಟ ಕಡಿಮೆಯಾಗುತ್ತದೆ ಅನ್ನುವ ಸಲಹೆ ಬಂತು, ಆದರೆ ಕುದುರೆ ಲಾಳದ ಆಕಾರದ ಈ ಕಾಂಕ್ರೀಟ್ ಕಟ್ಟಡ ಆಗಲೇ ಎದ್ದು ನಿಂತಿತ್ತು, ಮೆಟ್ಟಿಲು ಮೆಟ್ಟಿಲಾದ ಆಸನಗಳನ್ನು ಹಿಂದಕ್ಕೆ ಸರಿಸೋಕಾಗುತ್ತಾ? ಕೊನೆಗೆ ಅದರ ಬದಲು, ನೂಕಾಟ ಕಡಿಮೆಯಾಗಲಿ ಅಂತ, 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯುವ ಫಾರ್ವರ್ಡ್ ಪಾಸ್‌ಗೆ ಒಪ್ಪಿಗೆ ಸಿಕ್ಕಿತು. ಹಂಚಿಕೊಳ್ಳೋದಾದರೆ ದಯವಿಟ್ಟು ಇದನ್ನು ಹಂಚಿಕೊಳ್ಳಿ.