ದುಡ್ಡು ಕೊಟ್ಟವರಿಗೇ ಯಾಕೆ ಈ ಕಾಟ?

ಕಾಸು ಕೊಟ್ಟು ತಗೊಂಡ ಸಾಫ್ಟ್‌ವೇರ್ ಅದು. ನೆಟ್ ಹೋದ ಕೂಡಲೇ "ಲೈಸೆನ್ಸ್ ಪರಿಶೀಲಿಸಲು ಆಗುತ್ತಿಲ್ಲ" ಅಂತ ತೆರೆಯುವುದನ್ನೇ ನಿಲ್ಲಿಸಿತು. ಅರ್ಧ ಮಾಡಿದ ಕೆಲಸ ಅಲ್ಲೇ ಉಳಿಯಿತು. ಕ್ರ್ಯಾಕ್ ಮಾಡಿದ ಕಾಪಿ ಬಳಸುವವರಿಗೆ ಈ ಕಾಟ ಇಲ್ಲ. ಆ ಪರಿಶೀಲನೆಯನ್ನೇ ಕಿತ್ತು ಹಾಕಿರುತ್ತಾರಲ್ಲ! ನನಗೆ ಮೈ ಉರಿಯುವುದು ಇಲ್ಲೇ.

ಪೈರಸಿ ಸರಿ ಅಂತ ನಾನು ಹೇಳುತ್ತಿಲ್ಲ. ಬರೆದವರ ದುಡಿಮೆಗೆ ದುಡ್ಡು ಸಿಗಲೇಬೇಕು. 1976ರಲ್ಲೇ ಬಿಲ್ ಗೇಟ್ಸ್ ಕಂಪ್ಯೂಟರ್ ಹವ್ಯಾಸಿಗಳಿಗೆ ಬಹಿರಂಗ ಪತ್ರ ಬರೆದು ಇದನ್ನೇ ಕೇಳಿದ್ದರು. ಆದರೆ ಸುಮ್ನೆ ಕಳ್ಳರು ಅಂತ ಬೈದರೆ ಆಯ್ತಾ? ಮೊದಲ ಕಾಪಿ ತಯಾರಿಸಲು ಕೋಟಿಗಟ್ಟಲೆ ಖರ್ಚಾಗಬಹುದು, ಎರಡನೆಯದಕ್ಕೆ ಹೆಚ್ಚುಕಡಿಮೆ ಏನೂ ಇಲ್ಲ. ಹಾಗಿದ್ದರೂ ಸಂಬಳ ಜಾಸ್ತಿ ಇರುವ ದೇಶಕ್ಕೂ ಕಡಿಮೆ ಇರುವ ದೇಶಕ್ಕೂ ಎಷ್ಟೋ ಕಂಪನಿಗಳು ಒಂದೇ ಬೆಲೆ ಇಡುತ್ತವೆ. ಇನ್ನೂ ಕಲಿಯುತ್ತಿರುವವರು ಅಷ್ಟು ದುಡ್ಡು ಎಲ್ಲಿಂದ ತರಬೇಕು? ಅವರು ಬಳಸುವ ಪ್ರತಿ ಕಳ್ಳ ಕಾಪಿಯನ್ನೂ ಪೂರ್ತಿ ಬೆಲೆಯ ನಷ್ಟ ಅಂತ ಕಂಪನಿಗಳು ಲೆಕ್ಕ ಹಾಕುವುದು ಇನ್ನೊಂದು ಅನ್ಯಾಯ. ಆ ಬೆಲೆಗೆ ಅವರಲ್ಲಿ ಬಹಳ ಜನ ಕೊಳ್ಳುತ್ತಲೇ ಇರಲಿಲ್ಲ, ಅಲ್ವಾ?

ಈಗಂತೂ ಚಂದಾ ಕಾಲ, ಒಮ್ಮೆ ಕೊಂಡರೆ ಮುಗಿಯಲ್ಲ, ಬಳಸುವಷ್ಟು ದಿನ ಕಟ್ಟುತ್ತಲೇ ಇರಬೇಕು. ಅಡೋಬಿ ಕಂಪನಿ 2013ರಲ್ಲಿ ಫೋಟೋಶಾಪ್‌ನ ಹೊಸ ಆವೃತ್ತಿಗಳನ್ನು ಚಂದಾಕ್ಕೆ ಮಾತ್ರ ಕೊಡುತ್ತೇವೆ ಅಂದಿತು. ವರ್ಷಗಟ್ಟಲೆ ಕಟ್ಟಿ ಒಂದು ತಿಂಗಳು ನಿಲ್ಲಿಸಿದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಇಷ್ಟು ಮಾಡಿ, ಜನ ಯಾಕೆ ಕದಿಯುತ್ತಾರೆ ಅಂತ ನಮ್ಮನ್ನೇ ಕೇಳುತ್ತಾರೆ!