ಕಟಾಂಜನದ ಮೇಲೆ ಏನು ಬರೆಯಬೇಕಿತ್ತು?

ಯುದ್ಧದಲ್ಲಿ ಸುಟ್ಟುಹೋದ ವಿಶ್ವವಿದ್ಯಾಲಯದ ಗ್ರಂಥಾಲಯವನ್ನು ಮತ್ತೆ ಕಟ್ಟುವಾಗ ಸುಟ್ಟವರ ಹೆಸರನ್ನು ಗೋಡೆಯ ಮೇಲೆ ಕೆತ್ತಬೇಕೋ ಬೇಡವೋ? ಬೆಲ್ಜಿಯಂನ ಲೂವೆನ್‌ನಲ್ಲಿ ಈ ಪ್ರಶ್ನೆ ಕೋರ್ಟು ಮೆಟ್ಟಿಲನ್ನೂ ಹತ್ತಿತು. ನಾನಂತೂ ಬೇಡ ಎನ್ನುವವರ ಕಡೆ.

1914ರ ಆಗಸ್ಟ್ 25ರ ರಾತ್ರಿ ಜರ್ಮನ್ ಸೈನಿಕರು ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಬೆಂಕಿ ಇಟ್ಟರು. ಸುಮಾರು 3 ಲಕ್ಷ ಪುಸ್ತಕ ಬೂದಿಯಾಯಿತು, ಹಸ್ತಪ್ರತಿಗಳೂ ಹೋದವು. ಸುಟ್ಟದ್ದಕ್ಕೆ ಸಂಖ್ಯೆಯಲ್ಲೂ ಬೆಲೆಯಲ್ಲೂ ಸಮನಾದದ್ದನ್ನು ಜರ್ಮನಿಯೇ ಕೊಡಬೇಕು ಎಂದಿತು ವರ್ಸೇಲ್ಸ್ ಒಪ್ಪಂದದ 247ನೇ ವಿಧಿ. (ಜಗತ್ತಿನಲ್ಲಿ ಒಂದೇ ಒಂದಿದ್ದ ಹಸ್ತಪ್ರತಿಗೆ ಸಮನಾದದ್ದು ಯಾವುದು ಅಂತ ಆ ವಿಧಿ ಬರೆದವರನ್ನೇ ಕೇಳಬೇಕು.) ಕಟ್ಟಡಕ್ಕೆ ಹಣ ಬಂದದ್ದು ಅಮೆರಿಕದಿಂದ. ಅಲ್ಲಿನ ಶಾಲೆ, ಕಾಲೇಜುಗಳೂ ಚಂದಾ ಎತ್ತಿದವು. ಅವುಗಳ ಹೆಸರು ಗೋಡೆಯ ಕಲ್ಲುಗಳ ಮೇಲೆ ಇವತ್ತಿಗೂ ಇದೆ.

ಜಗಳ ಎದ್ದದ್ದು ವಾಸ್ತುಶಿಲ್ಪಿ ವಿಟ್ನಿ ವಾರೆನ್ ಹಟದಿಂದ. 'ಜರ್ಮನ್ ಕ್ರೋಧಕ್ಕೆ ನಾಶವಾಯಿತು, ಅಮೆರಿಕದ ಕೊಡುಗೆಯಿಂದ ಮರಳಿ ಎದ್ದಿತು' ಎಂಬರ್ಥದ ಲ್ಯಾಟಿನ್ ಸಾಲು ಮುಂಭಾಗದ ಕಟಾಂಜನದಲ್ಲಿ ಇರಲೇಬೇಕು ಎಂದರು ಅವರು. ವಿಶ್ವವಿದ್ಯಾಲಯದ ಮುಖ್ಯಸ್ಥ, ಅಂದರೆ ರೆಕ್ಟರ್, ಲಾಡೂಜ್ ಒಪ್ಪಲಿಲ್ಲ. 1928ರ ಜುಲೈ 4ರಂದು ಉದ್ಘಾಟನೆ ನಡೆದಾಗ ಆ ಸಾಲು ಅಲ್ಲಿರಲಿಲ್ಲ. ಎಷ್ಟೋ ಜನ ರೆಕ್ಟರ್ ಮೇಲೆಯೇ ಸಿಟ್ಟಾದರು. ಬರಹವಿಲ್ಲದ ಕಟಾಂಜನವನ್ನು ಒಡೆದದ್ದೂ ಆಯಿತು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಮನೆಯವರನ್ನು ಗುಂಡಿಟ್ಟು ಕೊಂದದ್ದನ್ನು ಕಂಡವರಿಗೆ 'ಮರೆತುಬಿಡಿ' ಎನ್ನಲು ಯಾರಿಗಿದೆ ಹಕ್ಕು? ಆದರೆ ಆ ಬಾಗಿಲು ದಾಟಿ ಒಳಗೆ ಹೋಗುವವರು ಆಮೇಲೆ ಹುಟ್ಟಿದ ಹುಡುಗ ಹುಡುಗಿಯರು. ಜರ್ಮನಿಯಿಂದಲೂ ಒಬ್ಬ ಓದಲು ಬಂದಾನು. ಸತ್ತವರಿಗೆ ಸ್ಮಾರಕ ಬೇಕೇ ಬೇಕು, ಅದು ಬೇರೆ ಕಡೆ ಇರಲಿ.

ಆಗಿದ್ದೂ ಹಾಗೆಯೇ. ಕೆತ್ತಿಟ್ಟಿದ್ದ ಆ ಸಾಲು ಕೊನೆಗೆ ಡಿನಾಂ ಪಟ್ಟಣದ ಸ್ಮಾರಕಕ್ಕೆ ಹೋಯಿತು. 1914ರ ಆಗಸ್ಟ್‌ನಲ್ಲಿ 674 ನಾಗರಿಕರನ್ನು ಕಳೆದುಕೊಂಡ ಊರದು. 1940ರಲ್ಲಿ ಜರ್ಮನ್ನರು ಆ ಸ್ಮಾರಕವನ್ನೂ ಕೆಡವಿದರು. ಆ ವರ್ಷದ ಮೇ ತಿಂಗಳಲ್ಲೇ ಲೂವೆನ್ ಗ್ರಂಥಾಲಯ ಎರಡನೇ ಸಲ ಉರಿಯಿತು, ಈ ಬಾರಿ ಸುಮಾರು 9 ಲಕ್ಷ ಪುಸ್ತಕ. 'ಸೌಜನ್ಯ ತೋರಿಸಿ ಏನು ಸಿಕ್ಕಿತು?' ಎನ್ನುವವರಿದ್ದಾರೆ. ಬರೆದಿದ್ದರೆ ಮಾತ್ರ ಫಿರಂಗಿ ಗುಂಡು ಓದಿಕೊಂಡು ವಾಪಸ್ ಹೋಗುತ್ತಿತ್ತೇ?

ಮತ್ತೆ ಕಟ್ಟಿದರು. ನನಗೆ ನುಂಗಲಾಗದ ಸಂಗತಿ ಇರುವುದು ಅದರಾಚೆ. 1968ರಲ್ಲಿ ಬೆಲ್ಜಿಯಂನ ಡಚ್ ಭಾಷಿಕರ ಮತ್ತು ಫ್ರೆಂಚ್ ಭಾಷಿಕರ ಜಗಳ ತಾರಕಕ್ಕೇರಿ ಸರ್ಕಾರವೇ ಬಿತ್ತು, ವಿಶ್ವವಿದ್ಯಾಲಯ ಎರಡಾಯಿತು, ಫ್ರೆಂಚ್ ಭಾಗಕ್ಕೆ ಲೂವೆನ್-ಲಾ-ನವ್ ಎಂಬ ಹೊಸ ಊರನ್ನೇ ಕಟ್ಟಿದರು. ಪುಸ್ತಕಗಳನ್ನು ಅವುಗಳ ಕಪಾಟು ಸಂಖ್ಯೆ ನೋಡಿ ಸಮಸಂಖ್ಯೆ ನಿಮಗೆ, ಬೆಸಸಂಖ್ಯೆ ನಮಗೆ ಎಂದು ಹಂಚಿಕೊಂಡರು. ಎರಡು ಬೆಂಕಿಯ ನಂತರ ಕೂಡಿಸಿದ ರಾಶಿಯನ್ನು ಓದುಬಲ್ಲವರೇ ಕೂತು ಹೀಗೆ ಹಂಚಿದ್ದಕ್ಕೆ ನನಗಂತೂ ಯಾವ ಸಮಜಾಯಿಷಿಯೂ ಹೊಳೆಯುತ್ತಿಲ್ಲ.